ಬುಕ್ ಮಾಡದ ಅಭಿಮಾನಿಗಳು

ಅಣ್ಣನ ಮನೆಯ ಗೇಟಿನ ಮುಂದೆ ಪ್ರತಿ ಭಾನುವಾರ ಬೆಳಿಗ್ಗೆ ಮೂರು ಜನ ಸೇರಿ ಲೋಕದ ಕಾರು ಕಂಪನಿಗಳನ್ನೆಲ್ಲ ತರಾಟೆಗೆ ತೆಗೆದುಕೊಳ್ಳುತ್ತಾರೆ. ಒಬ್ಬ ಅಣ್ಣ, ಇನ್ನೊಬ್ಬರು ಎದುರುಮನೆಯ ಹಲ್ಲಿನ ಡಾಕ್ಟರು, ಮತ್ತೊಬ್ಬರು ಶಾಲೆಯ ವ್ಯಾನ್ ಓಡಿಸುವ, ಡೀಸೆಲ್ ಇಂಜಿನ್ ಬಿಟ್ಟು ಬೇರೆ ಯಾವುದನ್ನೂ ಒಪ್ಪದ ಡೀಸೆಲ್ ಮಾವ. ನಾನು ಕೆಲಸ ಮಾಡುವುದು ಕಾರು ಕಂಪನಿಯಲ್ಲಿ, ಅದೂ ಯಾವ ಕಾರಿಗೆ ಯಾವ ಇಂಜಿನ್ ಎಂದು ತೀರ್ಮಾನಿಸುವ ವಿಭಾಗದಲ್ಲಿ. ಹಾಗಾಗಿ ಬೈಗುಳದಲ್ಲಿ ಅರ್ಧ ಪಾಲು ನನ್ನದೇ.

"ಮೂರು ಸಿಲಿಂಡರಿಗೆ ಒಂದು ಟರ್ಬೊ ಸಿಕ್ಕಿಸಿ ನಮ್ಮ ತಲೆಗೆ ಕಟ್ತೀರಲ್ಲೇ! ಅದೇನು ಇಂಜಿನ್ನಾ, ಹೊಲಿಗೆ ಮಿಷನ್ನಾ?" ಎನ್ನುತ್ತಾನೆ ಅಣ್ಣ. "ಟರ್ಬೊ ಇಲ್ಲದ ದೊಡ್ಡ ಪೆಟ್ರೋಲ್ ಇಂಜಿನ್, ಕೈಯಲ್ಲಿ ಹಾಕೋ ಗೇರು, ಇಷ್ಟು ಕೊಟ್ಟು ನೋಡಿ. ನಾಳೆನೇ ಬುಕ್ ಮಾಡ್ತೀನಿ."

ಅವನ ಮಾತು ಕೇಳಿ ಕೇಳಿ ನನಗೂ ತಲೆಗೆ ಹತ್ತಿತ್ತು. ಮೀಟಿಂಗುಗಳಲ್ಲಿ ಅಣ್ಣನ ಗುಂಪನ್ನೇ ಸಾಕ್ಷಿಗೆ ಕರೆದು, ಹಟ ಹಿಡಿದು ಅಂಥ ಕಾರೊಂದನ್ನು ಹೊರತರಿಸಿದೆ. ಶೋರೂಮಿನಲ್ಲಿ ಅದನ್ನು ಮೂಸಿ ನೋಡುವವರೂ ಇರಲಿಲ್ಲ.

ಶುಕ್ರವಾರ ಬಾಸ್ ಕರೆದರು. "ಸೋಮವಾರ ಮುಂದಿನ ವರ್ಷದ ಮಾಡೆಲ್‌ಗಳು ಫೈನಲ್ ಆಗುತ್ವೆ. ನಿಮ್ಮ ಕಾರನ್ನ ಕೈಬಿಡ್ತಿದ್ದೀವಿ. ನಿಮ್ಮಣ್ಣನ ಗುಂಪಲ್ಲಿ ಒಬ್ಬರಾದ್ರೂ ಬುಕ್ ಮಾಡಲಿ, ಇನ್ನೊಂದು ವರ್ಷ ಇಡೋಣ." ಅವರು ನಗುತ್ತಲೇ ಹೇಳಿದ್ದರು. ನಾನು ಮಾತ್ರ ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡೆ.

ಭಾನುವಾರ ಕಂಪನಿಯ ಡ್ರೈವರ್ ಕಾರು ತಂದು ಗೇಟಿನ ಮುಂದೆ ನಿಲ್ಲಿಸಿ ಹೋದ. ಮೂವರೂ ಸರದಿಯಲ್ಲಿ ಓಡಿಸಿದರು. ಅಣ್ಣ ವಾಪಸು ಬಂದಾಗ ಅವನ ಮುಖ ನೋಡಬೇಕಿತ್ತು! ಡೀಸೆಲ್ ಮಾವ ಕೂಡ "ಪೆಟ್ರೋಲ್ ಆದ್ರೂ ಪರವಾಗಿಲ್ಲ" ಎಂದುಬಿಟ್ಟರು. ನಾನು ಉಬ್ಬಿಹೋಗಿ ಫೋನಿನಲ್ಲಿ ಬುಕಿಂಗ್ ಪೇಜ್ ತೆರೆದೆ.

"ಮುಂದಿನ ಮಾಡೆಲ್‌ನಲ್ಲಿ ಹೆಡ್‌ಲೈಟ್ ಬದಲಾಗಬಹುದಲ್ವಾ? ನೋಡ್ಕೊಂಡು ತಗೊಳ್ಳೋಣ" ಎಂದರು ಡಾಕ್ಟರು.

"ದಿನವಿಡೀ ವ್ಯಾನಲ್ಲಿ ಕ್ಲಚ್ ತುಳಿದು ಮಂಡಿ ಹೋಗಿದೆ ಕಣಮ್ಮ" ಎಂದರು ಮಾವ.

ಅಣ್ಣ ಗಡ್ಡ ಕೆರೆದುಕೊಂಡ. "ಸೆಕೆಂಡ್ ಹ್ಯಾಂಡಲ್ಲಿ ಬರಲಿ, ಕಣ್ಣು ಮುಚ್ಚಿ ತಗೋತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಹೊಸದನ್ನ ಯಾರೂ ತಗೊಳ್ದೆ ಸೆಕೆಂಡ್ ಹ್ಯಾಂಡ್ ಎಲ್ಲಿಂದ ಬರುತ್ತೋ? ಆಕಾಶದಿಂದ ಉದುರುತ್ತಾ? ನಿಮ್ಮ ಬಾಯಿಬಡಾಯಿ ನಂಬಿ ನಾನು ಆಫೀಸಲ್ಲೆಲ್ಲ ಜಗಳ ಕಾದೆ!"

ಅಣ್ಣ ಸಿಟ್ಟಾಗಲಿಲ್ಲ. "ಅದಿರಲಿ, ನೀನು ಇದನ್ನ ಓಡಿಸಿದ್ದೀಯಾ?"

ನಾನು ಓಡಿಸಿರಲಿಲ್ಲ. ಅದರ ಟಾರ್ಕು, ಮೈಲೇಜು ಎಲ್ಲ ನನಗೆ ಬಾಯಿಪಾಠ. ಆದರೆ ಆಫೀಸಿಗೆ ಹೋಗಿಬರುವುದು ಪುಟ್ಟದೊಂದು ಆಟೊಮ್ಯಾಟಿಕ್‌ನಲ್ಲಿ, ಮೂರು ಸಿಲಿಂಡರಿನ ಟರ್ಬೊ. ಡಾಕ್ಟರು ಬೇರೆ ಕಡೆ ನೋಡುತ್ತಾ ನಗು ತಡೆದುಕೊಂಡರು.

"ಕೂತ್ಕೋ" ಎಂದು ಅಣ್ಣ ಕೀಲಿ ಕೊಟ್ಟು ಪಕ್ಕದ ಸೀಟಿನಲ್ಲಿ ಕೂತ.

ಗೇಟಿನ ಬಳಿಯೇ ಕಾರು ಮುಗ್ಗರಿಸಿ ನಿಂತಿತು. ತಿರುವಿನಲ್ಲಿ ಇನ್ನೊಮ್ಮೆ. ಹಿಂದಿನ ಸ್ಕೂಟರಿನವನು ಹಾರ್ನ್ ಬಾರಿಸಿ ಮಾನ ತೆಗೆದ. ಏರುದಾರಿ ಬಂದಾಗ ಗೇರು ಎರಡಕ್ಕಿಳಿಸಿ, ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಒತ್ತಿದೆ. ಕಾರು ಚೂರೂ ತಡವರಿಸದೆ ಮೇಲೇರಿತು. ಇಂಜಿನ್ನಿನ ದನಿ ಏರುತ್ತಾ ಏರುತ್ತಾ ಹೋಯಿತು, ನನ್ನ ಕಾಲು ಹೇಳಿದಷ್ಟೇ. ಮೀಟಿಂಗಿನಲ್ಲಿ ಇಷ್ಟು ದಿನ ಯಾವುದಕ್ಕಾಗಿ ಗಂಟಲು ಹರಿದುಕೊಂಡಿದ್ದೆನೋ ಅದು ಇದೇ ಎಂದು ಆಗ ತಿಳಿಯಿತು. ಎಷ್ಟು ಖುಷಿಯಾಯಿತೆಂದರೆ ಮನೆಯ ತಿರುವು ಬಂದರೂ ತಿರುಗಿಸದೆ ಮುಂದಕ್ಕೆ ಹೋದೆ. ಅಣ್ಣ ಜನ್ಮದಲ್ಲಿ ಮೊದಲ ಸಲ ಯಾವ ಅಭಿಪ್ರಾಯವನ್ನೂ ಹೇಳದೆ ತೆಪ್ಪಗೆ ಕೂತಿದ್ದ.

ರಸ್ತೆ ಬದಿಯಲ್ಲಿ ನಿಲ್ಲಿಸಿ ನನ್ನ ಹೆಸರಿನಲ್ಲೇ ಬುಕ್ ಮಾಡಿದೆ.

ಸೋಮವಾರ ಬಾಸ್ ಹುಬ್ಬೇರಿಸಿದರು. "ನಾನು ಹೇಳಿದ್ದು ನಿಮ್ಮಣ್ಣನ ಗುಂಪಿನವರು ಅಂತ."

"ನಿನ್ನೆಯಿಂದ ನಾನೂ ಅದೇ ಗುಂಪು ಸರ್" ಎಂದೆ.

ಅವರು ನಕ್ಕು ಮಾಡೆಲ್‌ಗಳ ಪಟ್ಟಿಯನ್ನು ಹತ್ತಿರಕ್ಕೆಳೆದುಕೊಂಡರು. ಆಮೇಲೆ ಕಾರನ್ನು ಇನ್ನೊಂದು ವರ್ಷ ಉಳಿಸಿದರು.