ಹಳದಿ ಟೇಪಿನ ಮನೆ

"ಏನಮ್ಮಾ, ಮನೆ ಒಳಗೆ ಬಾ ಅಂದ್ರೆ ದನದ ಥರ ಸುತ್ತು ಹೊಡೀತಿದ್ದೀಯಲ್ಲ! ಬಾಗಿಲು ಕಾಣಿಸ್ತಿಲ್ವಾ? ಕಣ್ಣಿದೆಯೋ, ಅದನ್ನೂ ಊರಲ್ಲೇ ಬಿಟ್ಟು ಬಂದ್ಯೋ?"

ಅಪರ್ಣ ಮೇಡಂ ಬಯ್ಯುತ್ತಿದ್ದುದು ಕೋರ ಎಂಬ ಊರಿನ ನರಸಮ್ಮನನ್ನು. ಬಟವಾಡಿಯ ಒಂದು ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ, ಹೊರದೇಶಕ್ಕೆ ಕೆಲಸಕ್ಕೆ ಹೋಗುವವರಿಗೆ ಮೂರು ದಿನದ ತರಬೇತಿ ನಡೆದಿತ್ತು. ನೆಲದ ಟೈಲ್ಸಿನ ಮೇಲೆ ಹಳದಿ ಟೇಪು ಅಂಟಿಸಿ ಒಂದು ಮನೆ ಮಾಡಿದ್ದರು. ಇದು ಹಾಲ್, ಇದು ಅಡುಗೆಮನೆ, ಇದು ಮಲಗುವ ಕೋಣೆ. ಗೋಡೆಯಿಲ್ಲ, ಸೂರಿಲ್ಲ, ಆದರೆ ಯಜಮಾನಿಯಾಗಿ ಮೇಡಂ ಮಾತ್ರ ಆಗಲೇ ಬಂದು ಹಾಲ್‌ನ ಸೋಫಾದಲ್ಲಿ ಕುಳಿತಿದ್ದರು. ಕಲಿಯಲು ಬಂದ ಹನ್ನೊಂದು ಜನ ನಾವು ಗೋಡೆಗೆ ಒರಗದೆ ನಿಂತಿದ್ದೆವು. ಒರಗಿದರೆ ಪೇಂಟು ಕೊಳೆಯಾಗುತ್ತದೆ ಎಂಬುದೇ ನಮ್ಮ ಮೊದಲ ಪಾಠವಾಗಿತ್ತು.

ಬಾಗಿಲಿಗೆಂದು ಎದುರಿನಲ್ಲಿ ಮೂರಡಿ ಜಾಗ ಟೇಪು ಅಂಟಿಸದೆ ಬಿಟ್ಟಿದ್ದರು. ನರಸಮ್ಮನ ಕಣ್ಣು ಅತ್ತ ಹೋಗಲೇ ಇಲ್ಲ. ಅವಳು ಟೇಪಿನ ಹೊರಗೇ ಒಂದು ಸುತ್ತು ಬಂದಳು, ಇನ್ನೊಂದು ಸುತ್ತು ಬಂದಳು. ಕೊನೆಗೆ ಅಡುಗೆಮನೆಯ ಹಿಂದೆ ನಿಂತು, ಸೆರಗು ಸರಿಮಾಡಿಕೊಂಡು ಕೇಳಿದಳು:

"ಹಿತ್ಲು ಬಾಗ್ಲು ಎಲ್ಲ್ ಮಡಗಿದ್ದೀರವ್ವಾ?"

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಾಜಿನ ಕ್ಯಾಬಿನ್ನಿನಿಂದ ಅವರ ಗಂಡ ವಿಜಯೀಂದ್ರ ಸಾರ್ ಹೊರಗೆ ಬಂದು ಏನಾಯಿತೆಂದು ಕೇಳಿದರು. ಜನರನ್ನು ಹೊರದೇಶಕ್ಕೆ ಕಳಿಸುವ ಈ ಕಂಪನಿಯ ಓನರ್ ಅವರೇ. ಹೆಂಡತಿ ಹೇಳಿದ್ದನ್ನು ಕೇಳಿ ಅವರೂ ನಕ್ಕು, "ಪಾಪ, ಎಷ್ಟು ಇನ್ನೋಸೆಂಟು" ಎಂದು ಒಳಗೆ ಹೋದರು.

ನನಗೆ ನಗು ಬರಲಿಲ್ಲ. ನರಸಮ್ಮ ಹುಡುಕಿದ್ದರಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ನಾನು ಗೂಳೂರಿನ ನೇತ್ರಾವತಿ. ಇದೇ ಬಟವಾಡಿಯಲ್ಲಿ ಕೌಸಲ್ಯಮ್ಮ ಎಂಬುವರ ಮನೆಯಲ್ಲಿ ಎಂಟು ವರ್ಷ ಪಾತ್ರೆ ಬಟ್ಟೆ ತೊಳೆದವಳು. ಆ ಮನೆಯ ಹಿತ್ತಿಲ ಚಿಲಕ ಎಷ್ಟು ಸಲ ಅಲ್ಲಾಡಿಸಿದರೆ ಬಿಚ್ಚಿಕೊಳ್ಳುತ್ತದೆ ಎಂದು ಕತ್ತಲಲ್ಲೂ ಹೇಳಬಲ್ಲೆ. ಮುಂಬಾಗಿಲ ಹೊಸ್ತಿಲನ್ನು ದಿನಾ ತೊಳೆದು ರಂಗೋಲಿ ಹಾಕಿದ್ದೇನೆ, ಒಂದು ದಿನವೂ ದಾಟಿಲ್ಲ. ಎಂಟು ವರ್ಷದಲ್ಲಿ ಆ ಅಮ್ಮನವರು ನನ್ನನ್ನು ಹೆಸರು ಹಿಡಿದು ಕರೆದದ್ದೂ ಇಲ್ಲ. ಯಾರು ಬಂದರು ಎಂದು ಮನೆಯವರು ಒಳಗಿಂದ ಕೇಳಿದರೆ "ಕೆಲಸದವಳು" ಎನ್ನುತ್ತಿದ್ದರು.

ಅದಕ್ಕೇ ನಮ್ಮ ಕಾಲೊನಿಯ ಅಂಜನಪ್ಪ ಬಂದು "ದುಬೈನಾಗೆ ಆಸ್ಪತ್ರೆ ಬಟ್ಟೆ ಒಗೆಯೋ ಕೆಲ್ಸ ಐತೆ. ಮಿಷನ್ನು ಒಗೀತದೆ, ನೀನು ಬರೀ ಬಟನ್ ಒತ್ತಾದು. ಯೂನಿಫಾರ್ಮ್ ಕೊಡ್ತಾರೆ, ಎದೆ ಮ್ಯಾಲೆ ನಿನ್ ಹೆಸ್ರು ಇರ್ತದೆ ಕಣಕ್ಕಾ" ಎಂದಾಗ ನಾನು ಬಿದ್ದುಹೋದೆ. ಸಂಬಳ ಕೇಳಿ ಬಿದ್ದೆ ಎಂದು ಊರೆಲ್ಲ ಅಂದುಕೊಂಡಿತು. ನಿಜ ಹೇಳಬೇಕೆಂದರೆ ನಾನು ಬಿದ್ದದ್ದು ಎದೆಯ ಮೇಲಿನ ಆ ಹೆಸರಿಗೆ.

ಅಂಜನಪ್ಪ ನಮ್ಮವನೇ. ವಿಜಯೀಂದ್ರ ಸಾರ್‌ಗೆ ಜನ ಹಿಡಿದುಕೊಡುವ ಕೆಲಸ ಅವನದು. ಗೂಳೂರು, ಕೋರ, ಗುಬ್ಬಿ, ಕುಣಿಗಲ್ ಎಂದು ಸುತ್ತಿ ನಮ್ಮನ್ನೆಲ್ಲ ಕೂಡಿಹಾಕಿದ್ದ. ತಿಂಗಳ ಹಿಂದೆಯೇ ಪಾಸ್‌ಪೋರ್ಟ್ ಮಾಡಿಸಿ, ಮಾಡಿಸಿದ ಕೈಯಲ್ಲೇ ಇಸಿದುಕೊಂಡೂ ಹೋಗಿದ್ದ. ಹನ್ನೊಂದು ಪಾಸ್‌ಪೋರ್ಟೂ ಆ ಗಾಜಿನ ಕ್ಯಾಬಿನ್ನಿನ ಬೀರುವಿನಲ್ಲಿದ್ದವು.

ತರಬೇತಿ ಬಹಳ ಚೆನ್ನಾಗಿತ್ತು. ಯಜಮಾನರ ಸೋಫಾದಲ್ಲಿ ಕೂರಬಾರದು. ಅವರು ಕುಡಿಯುವ ಲೋಟ ಮುಟ್ಟಬಾರದು. ಕರೆದರೆ ಒಂದೇ ಸಲಕ್ಕೆ ಓಗೊಡಬೇಕು. ಬಯ್ದರೆ ತಲೆ ತಗ್ಗಿಸಬೇಕು, ಎದುರು ನೋಡಬಾರದು. ಮೇಡಂ ಒಂದೊಂದನ್ನೂ ಎರಡೆರಡು ಸಲ ಹೇಳಿ, "ಅರ್ಥ ಆಯ್ತಾ?" ಎಂದು ಕೇಳುತ್ತಿದ್ದರು. ಇಷ್ಟಕ್ಕೆ ಮೂರು ದಿನ ಯಾಕೆ ಹಾಳುಮಾಡುತ್ತಾರೋ ಎಂದು ನನಗೆ ಅನ್ನಿಸಿತು. ಈ ಪರೀಕ್ಷೆಯಲ್ಲಿ ನಮ್ಮ ತಾತನ ತಾತನೇ ಫಸ್ಟ್ ಕ್ಲಾಸು. ನಡುವೆ ಟೀ ಬಂತು. ಅವರಿಗೆ ಪಿಂಗಾಣಿ ಕಪ್ಪು, ನಮಗೆ ಪೇಪರ್ ಲೋಟ. ಅದು ಪಾಠದಲ್ಲಿ ಸೇರಿದೆಯೋ ಇಲ್ಲವೋ ಯಾರೂ ಹೇಳಲಿಲ್ಲ.

ಎರಡನೆಯ ದಿನ ಸುರಕ್ಷತೆಯ ಪಾಠ. ಅದಕ್ಕೆ ಬಣ್ಣದ ಚಿತ್ರಗಳಿದ್ದ ಒಂದು ಪುಸ್ತಕವಿತ್ತು. ಎಲ್ಲಿಂದಲೋ ಪೆಟ್ಟಿಗೆಗಟ್ಟಲೆ ಬಂದದ್ದು. ಅದರಲ್ಲಿದ್ದದ್ದನ್ನು ಮೇಡಂ ಇದ್ದಂತೆಯೇ ಓದಿದರು. ಪಾಸ್‌ಪೋರ್ಟ್ ನಿಮ್ಮದು, ಅದನ್ನು ಯಾರ ಕೈಗೂ ಕೊಡಬೇಡಿ. ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೋಗಬೇಡಿ. ಅದು ನೋಡಿಕೊಂಡು ಬರುವವರ ವೀಸಾ. ಅದರಲ್ಲಿ ಹೋಗಿ ದುಡಿದರೆ ಅಲ್ಲಿನವರಿಗೆ ನೀವು ಕಳ್ಳರು, ಯಜಮಾನ ಹೊಡೆದನೆಂದು ಪೊಲೀಸರ ಹತ್ತಿರ ಹೋದರೆ ನಿಮ್ಮನ್ನೇ ಜೈಲಿಗೆ ಹಾಕುತ್ತಾರೆ. ಕಾಗದದ ಮೇಲೆ ಈ ಪದ ಕಂಡರೆ ವಿಮಾನ ಹತ್ತಬೇಡಿ ಎಂದು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ 'ವಿಸಿಟ್' ಎಂದು ಬರೆದು, ಎಲ್ಲರಿಂದಲೂ ಹತ್ತು ಸಲ ಬರೆಸಿದರು. ನಾನು ಎಸೆಸೆಲ್ಸಿವರೆಗೆ ಓದಿದವಳು, ಬರೆದೆ. ಅಕ್ಷರವೇ ಬಾರದ ನರಸಮ್ಮ ಅದನ್ನು ರಂಗೋಲಿ ಎಳೆ ನೋಡಿಕೊಂಡ ಹಾಗೆ ನೋಡಿಕೊಂಡು ಹತ್ತು ಸಲ ಎಳೆದಳು.

ನಾನು ಕೈ ಎತ್ತಿದೆ. "ಮೇಡಂ, ಹಂಗಾದ್ರೆ ನಮ್ ಪಾಸ್‌ಪೋರ್ಟು?"

"ಯಾವುದು?"

"ಅದೇ, ನಿಮ್ ಬೀರುನಾಗಿರೋದು."

"ಅಯ್ಯೋ, ಅದೆಲ್ಲ ಅಲ್ಲಿಗೆ ಹೋದ ಮೇಲೆ ಕಣಮ್ಮ. ಇಲ್ಲಿ ನಾವೆಲ್ಲ ನಿಮ್ಮವರೇ ಅಲ್ವಾ?"

ಪಾಠ ಹೇಳುವವರಿಗೆ ಒಂದು ಭಯ ಇರಬೇಕು, ಕೇಳುವವರಿಗೆ ಅದು ಅರ್ಥವಾಗಿಬಿಟ್ಟರೆ ಎಂಬ ಭಯ. ಅಪರ್ಣ ಮೇಡಂಗೆ ಅದು ಒಂದು ಚೂರೂ ಇರಲಿಲ್ಲ.

ಮೂರನೆಯ ದಿನ ದೊಡ್ಡ ಸಾಹೇಬರು ಬರುವವರಿದ್ದರು. ಲಕ್ಷ್ಮೀನರಸಿಂಹಯ್ಯ ಎಂದು ಹೆಸರು. ಯಾವ ಇಲಾಖೆ ಎಂದು ನಮಗೆ ಯಾರೂ ಹೇಳಲಿಲ್ಲ. ಗೋಡೆಗೆ ಬ್ಯಾನರ್ ಕಟ್ಟಿದರು: 'ನನ್ನ ಪಾಸ್‌ಪೋರ್ಟ್ ನನ್ನ ಹಕ್ಕು.' ಕೆಳಗೆ, ಕಷ್ಟ ಬಂದರೆ ಇಪ್ಪತ್ತನಾಲ್ಕು ಗಂಟೆಯೂ ಕರೆ ಮಾಡಿ ಎಂದು ಒಂದು ಫೋನ್ ನಂಬರು. ಸಾಹೇಬರ ಮುಂದೆ ಒಂದು ಪುಟ್ಟ ನಾಟಕವೂ ಇತ್ತು. ಮೇಡಂ ದುಬೈ ಯಜಮಾನಿ, ನಾನು ಕೆಲಸದವಳು. ಅವರು ಪಾಸ್‌ಪೋರ್ಟ್ ಕೇಳಬೇಕು, ನಾನು ಕೈ ಮುಗಿದು "ಕ್ಷಮಿಸಿ ಮೇಡಂ, ನನ್ನ ಪಾಸ್‌ಪೋರ್ಟ್ ನನ್ನ ಬಳಿಯೇ ಇರಬೇಕು" ಎನ್ನಬೇಕು. ಬೆಳಿಗ್ಗೆಯಿಂದ ಪಾಸ್‌ಪೋರ್ಟಿನ ಬದಲು ಸೋಪಿನ ಡಬ್ಬದ ರಟ್ಟು ಹಿಡಿದುಕೊಂಡು ಇದನ್ನೇ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. 'ಬಳಿಯೇ' ಎನ್ನುವಾಗ ನಾಲಿಗೆ ತೊಡರುತ್ತದೆಂದು ಮೇಡಂ ಆರು ಸಲ ಬಯ್ದರು. ಅವರು ಮಾತ್ರ ಅಭ್ಯಾಸ ಮಾಡಲಿಲ್ಲ. ಅವರಿಗೆ ಅದರ ಅಗತ್ಯ ಬೀಳಲಿಲ್ಲ.

ಸಾಹೇಬರ ಕಾರು ಬಂತೆಂದ ಕೂಡಲೇ ವಿಜಯೀಂದ್ರ ಸಾರ್‌ಗೆ ಒಂದು ಐಡಿಯಾ ಹೊಳೆಯಿತು. ಫೋಟೋದಲ್ಲಿ ಎಲ್ಲರ ಕೈಯಲ್ಲೂ ಪಾಸ್‌ಪೋರ್ಟ್ ಇದ್ದರೆ ಚೆನ್ನ. ಬೀರು ತೆಗೆಸಿ ಅಂಜನಪ್ಪನ ಕೈಯಲ್ಲಿ ಹಂಚಿಸಿದರು.

"ಫೋಟೋ ಹೊಡ್ದೇಟ್ಗೆ ವಾಪಸ್ ಕೊಡ್ಬೇಕು, ತಿಳೀತೇನ್ರಲಾ? ಒಳಗಿರೋ ಪೇಪರ್ ಮುಟ್ಬ್ಯಾಡ್ರಿ" ಎಂದ ಅಂಜನಪ್ಪ.

ಮುಟ್ಟಬೇಡಿ ಎಂದ ಮೇಲೆ ಮುಟ್ಟದಿರಲು ನರಸಮ್ಮನೇನು ದೇವರೇ? ತನ್ನ ಪಾಸ್‌ಪೋರ್ಟಿನೊಳಗೆ ಮಡಚಿಟ್ಟಿದ್ದ ವೀಸಾ ಕಾಗದ ಬಿಚ್ಚಿ ನೋಡಿದಳು. ಬೆರಳಿನಿಂದ ಒಂದು ಕಡೆ ಮೆಲ್ಲಗೆ ತೀಡಿದಳು. ಆಮೇಲೆ ನನ್ನ ಮೊಣಕೈ ಹಿಂಡಿದಳು.

"ನೇತ್ರಾ, ನೋಡಿಲ್ಲಿ. ಮೇಡಮ್ನೋರು ಹತ್ ಕಿತ ಎಳ್ಸಿದ್ದು ಇದೇ ಅಲ್ವೇನೇ?"

ಅದೇ. ನಾನು ನನ್ನದನ್ನು ಬಿಚ್ಚಿದೆ. ನನ್ನದರಲ್ಲೂ ಅದೇ. ವಿಮಾನ ಶುಕ್ರವಾರಕ್ಕಿತ್ತು.

"ಅಣ್ಣಾ, ಇದ್ರಾಗೆ ವಿಸಿಟ್ ಅಂತ ಐತಲ್ಲ! ಆಸ್ಪತ್ರೆ ಕೆಲ್ಸ ಅಂದಿದ್ದೆ?" ಎಂದು ಅಂಜನಪ್ಪನ ಕಿವಿಯ ಹತ್ತಿರ ಕೇಳಿದೆ.

"ಎರಡಕ್ಷರ ಬಂದ್ಬುಟ್ರೆ ಲಾಯರ್ ಆಗೋಯ್ತೀರೇನೇ ಮುಂಡೇವಾ? ಆಸ್ಪತ್ರೆ ಇಲ್ದಿದ್ರೆ ಯಾವ್ದೋ ಮನೆ ಸಿಗ್ತದೆ, ತೊಳಿ. ಇಲ್ಲಿ ತೊಳೀತಿರ್ಲಿಲ್ವಾ? ಮುಚ್ಕೊಂಡು ನಿಂತ್ಕ, ಸಾಹೇಬ್ರು ಬಂದ್ರು."

ಸಾಹೇಬರು ಬಂದರು. ಪೇಟ ತೊಡಿಸಿಕೊಂಡರು, ಶಾಲು ಹೊದಿಸಿಕೊಂಡರು, ಗೋಡಂಬಿ ಬಾಯಿಗೆ ಹಾಕಿಕೊಂಡರು. ನಾಟಕ ಶುರುವಾಯಿತು. ಮೇಡಂ ತಮ್ಮ ಫೋನನ್ನು ಪಕ್ಕದಲ್ಲಿಟ್ಟು ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, "ಏಯ್, ಎಲ್ಲಿ ನಿನ್ನ ಪಾಸ್‌ಪೋರ್ಟ್? ತಾ ಇಲ್ಲಿ" ಎಂದು ಕೈ ಚಾಚಿದರು. ನಾನು ಕೈ ಮುಗಿದು ಹೇಳಿದೆ. ನಾಲಿಗೆ ತೊಡರಲಿಲ್ಲ. ಸಾಹೇಬರು ಚಪ್ಪಾಳೆ ತಟ್ಟಿದರು. ನಾವು ಹನ್ನೊಂದು ಜನ ಬ್ಯಾನರಿನ ಕೆಳಗೆ ಪಾಸ್‌ಪೋರ್ಟ್ ಎತ್ತಿ ಹಿಡಿದು ನಿಂತೆವು. ಫೋಟೋದವನು ನಗಿ ಎಂದ. ನಕ್ಕೆವು.

ಫೋಟೋ ಮುಗಿದದ್ದೇ ಅಂಜನಪ್ಪ ಜವಳಿ ಅಂಗಡಿಯ ಚೀಲ ಬಿಚ್ಚಿಕೊಂಡು ಸಾಲಿನ ಮುಂದೆ ಬಂದ. ಗುಬ್ಬಿಯ ಗಾರೆ ಕೆಲಸದ ಮುತ್ತುರಾಜ್ ತನ್ನ ಪಾಸ್‌ಪೋರ್ಟ್ ಹಾಕಿದ. ಕುಣಿಗಲ್ಲಿನ ಇಬ್ಬರು ಅಣ್ಣತಮ್ಮಂದಿರು ಹಾಕಿದರು. ಚೀಲ ನನ್ನ ಮುಂದೆ ಬಂತು. ನನ್ನ ಕೈ ತಾನಾಗಿಯೇ ಚೀಲದ ಕಡೆ ಹೋಯಿತು. ಎಂಟು ವರ್ಷದ ಅಭ್ಯಾಸ ಅದು, ಯಾರು ಏನು ಕೇಳಿದರೂ ಮುಂದೆ ಹೋಗುವ ಕೈ. ಅದನ್ನು ಹಿಡಿದು ನಿಲ್ಲಿಸುವುದಕ್ಕೆ ನನ್ನದೇ ಇನ್ನೊಂದು ಕೈ ಬೇಕಾಯಿತು. ಎರಡೂ ಕೈ ಸೇರಿದ ಮೇಲೆ ಮುಗಿದುಬಿಟ್ಟೆ.

"ಕ್ಷಮಿಸಿ ಸಾರ್, ನನ್ನ ಪಾಸ್‌ಪೋರ್ಟ್ ನನ್ನ ಬಳಿಯೇ ಇರಬೇಕು."

ಸಾಹೇಬರು ಗಹಗಹಿಸಿ ನಕ್ಕರು. "ನೋಡ್ರಿ, ಇನ್ನೂ ಪಾತ್ರದಲ್ಲೇ ಇದ್ದಾಳೆ! ಭಲೆ!" ಎಂದು ಮತ್ತೆ ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದಕ್ಕೆ ವಿಜಯೀಂದ್ರ ಸಾರ್ ಕೂಡ ತಟ್ಟಬೇಕಾಯಿತು.

"ನೇತ್ರಾವತಿ, ನಾಟಕ ಮುಗೀತು" ಎಂದರು ವಿಜಯೀಂದ್ರ ಸಾರ್ ಹಲ್ಲು ಕಚ್ಚಿ. ಮೂರು ದಿನದಲ್ಲಿ ಅವರು ನನ್ನ ಹೆಸರು ಹೇಳಿದ್ದು ಅದೇ ಮೊದಲು.

"ಹೂಂ ಸಾರ್, ಮುಗೀತು. ಅದಕ್ಕೇ ಹೇಳ್ತಾ ಇದೀನಿ." ನಾನು ಕಾಗದವನ್ನು ಸಾಹೇಬರ ಮುಂದೆ ಹಿಡಿದೆ. "ಸಾಮಿ, ನೀವೇ ಓದಿ. ಆಸ್ಪತ್ರೆ ಕೆಲ್ಸ ಅಂತ ಕಳಿಸ್ತಾ ಅವ್ರೆ. ಇದ್ರಾಗೆ ವಿಸಿಟ್ ಅಂತ ಐತೆ."

ಸಾಹೇಬರು ಕಾಗದ ನೋಡಿದರು. ವಿಜಯೀಂದ್ರ ಸಾರ್ ಅವರ ಮುಖ ನೋಡಿದರು. ಆಮೇಲೆ ಗಡಿಯಾರ ನೋಡಿದರು. "ಓಹೋ, ಗುಬ್ಬಿಯಲ್ಲಿ ಇನ್ನೊಂದು ಪ್ರೋಗ್ರಾಂ ಇದೆಯಲ್ರೀ! ನೀವು ಇದನ್ನ ಸ್ವಲ್ಪ ನೋಡಿ" ಎಂದು, ನೋಡಲೇಬೇಕಾದವರು ತಾವು ಎಂಬುದನ್ನು ಪೇಟದ ಜೊತೆಗೇ ಹೊತ್ತುಕೊಂಡು ಇಳಿದುಹೋದರು. ಕಾಣಿಕೆಯ ಹಣ್ಣಿನ ಬುಟ್ಟಿ ಅವರ ಹಿಂದೆ ಇಳಿಯಿತು.

ಕಾರು ಹೋದ ಸದ್ದು ಕೇಳಿದ್ದೇ ಅಂಜನಪ್ಪ ಮೆಟ್ಟಿಲ ಶಟರ್ ಎಳೆದ.

"ಕಿತ್ಕೋ ಅಂಜನಪ್ಪ" ಎಂದರು ವಿಜಯೀಂದ್ರ ಸಾರ್, ಶರಟಿನ ತೋಳು ಸರಿಮಾಡಿಕೊಳ್ಳುತ್ತಾ. ಕಿತ್ತುಕೊಳ್ಳುವ ಕೆಲಸವೂ ಅವರ ಕೈಗೆ ಮೈಲಿಗೆ.

"ಕೊಡೇ ಲೌಡಿ! ನಿನ್ ಮಗ್ಳು ಸುಶ್ಮಿತಾ ಯಾವ್ ಬಸ್ಸಾಗೆ ಕಾಲೇಜಿಗೋಯ್ತಾಳೆ ಅಂತ ಗೊತ್ತು ಕಣೇ ನಂಗೆ. ಗೂಳೂರಿಗೆ ಬರ್ತೀಯಲ್ಲ, ಬಾ!" ಎಂದು ಅಂಜನಪ್ಪ ಕೈ ಚಾಚಿದ.

ಹೆದರಿದೆ. ಸುಳ್ಳು ಯಾಕೆ ಹೇಳಲಿ. ಆದರೂ ಪಾಸ್‌ಪೋರ್ಟನ್ನು ರವಿಕೆಯೊಳಗೆ ಇಳಿಸಿದೆ. "ಬಾರೋ ಬೋಳಿಮಗನೆ, ಇಲ್ಲಿಂದ ತಗಾ. ನಿಮ್ಮವ್ವ ಕಲ್ಸಿದ್ರೆ ತಗಾ" ಎಂದೆ. ಅವನ ಕೈ ಅರ್ಧಕ್ಕೇ ನಿಂತಿತು.

ಆಗ ನರಸಮ್ಮ ಸಾಲಿನಿಂದ ಹೊರಟಳು. ಚಪ್ಪಲಿಯನ್ನು ಮೆಟ್ಟಿಲ ಹತ್ತಿರದಿಂದ ತಂದು ಕಾಲಿಗೆ ಹಾಕಿಕೊಂಡಳು. ಹಳದಿ ಟೇಪಿನ ಮನೆಯ ಎದುರು ಬಂದು, ಈ ಸಲ ಸುತ್ತು ಹಾಕದೆ, ಮೂರಡಿ ಮುಂಬಾಗಿಲಲ್ಲಿ ನೇರ ಒಳಗೆ ಹೋದಳು. ಸೋಫಾದ ನಡುಮಧ್ಯೆ ಕುಳಿತಳು. ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ ಪಾಸ್‌ಪೋರ್ಟನ್ನು ಅದರೊಳಗೆ ತುರುಕಿ, ಒಂದು ವೀಳ್ಯದೆಲೆ ತೆಗೆದು ಸುಣ್ಣ ಸವರತೊಡಗಿದಳು.

"ಬನ್ರೋ, ಬನ್ರೇ" ಎಂದಳು ನಮ್ಮನ್ನು. "ಬಾಗ್ಲು ಇಲ್ಲೈತೆ."

ನಾನು ಹೋದೆ. ಇನ್ನೂ ಪಾಸ್‌ಪೋರ್ಟ್ ಕೊಡದಿದ್ದ ಆರು ಜನ ಬಂದರು. ಮುತ್ತುರಾಜ್ ಒಂದು ಗಳಿಗೆ ತಲೆ ಕೆರೆದುಕೊಂಡು, ಅಂಜನಪ್ಪನ ಚೀಲವನ್ನೇ ಕಸಿದುಕೊಂಡು ಒಳಗೆ ಹಾರಿದ. ಅವನ ಹಿಂದೆ ಕುಣಿಗಲ್ಲಿನ ಅಣ್ಣತಮ್ಮಂದಿರು ಬಂದರು. ಹನ್ನೊಂದು ಜನಕ್ಕೆ ಆ ಹಾಲ್ ಇಕ್ಕಟ್ಟೇ. ನಾನು ಫೋನ್ ತೆಗೆದು ಬ್ಯಾನರಿನ ಮೇಲಿದ್ದ ನಂಬರು ಒತ್ತಿ ಎಲ್ಲರಿಗೂ ಕೇಳುವ ಹಾಗೆ ಇಟ್ಟೆ. ಒಂದು ಹೆಣ್ಣು ದನಿ ಬಹಳ ಮರ್ಯಾದೆಯಿಂದ, ನಿಮ್ಮ ಕರೆ ನಮಗೆ ಮುಖ್ಯ, ದಯವಿಟ್ಟು ಕಾಯಿರಿ ಎಂದಿತು. ಆಮೇಲೆ ಸಂಗೀತ ಬಂತು. ಆಮೇಲೆ ಮತ್ತೆ ಅದೇ ದನಿ.

ವಿಜಯೀಂದ್ರ ಸಾರ್ ಕ್ಯಾಬಿನ್ನಿನಲ್ಲಿ ಯಾರಿಗೋ ಫೋನ್ ಮಾಡುತ್ತಿದ್ದರು. ಅಂಜನಪ್ಪ ಶಟರಿಗೆ ಬೆನ್ನು ಕೊಟ್ಟು ನಿಂತಿದ್ದ. ಅಪರ್ಣ ಮೇಡಂ ಟೇಪಿನ ಹೊರಗೆ ನಿಂತಿದ್ದರು. ಅವರ ಫೋನು ಸೋಫಾದ ಮೇಲೆ, ನರಸಮ್ಮನ ತೊಡೆಯ ಪಕ್ಕದಲ್ಲೇ ಉಳಿದಿತ್ತು.

"ನನ್ನ ಫೋನ್ ತಗೋಬೇಕು, ಸ್ವಲ್ಪ ಜಾಗ ಬಿಡಿ" ಎಂದು ಮುಂಬಾಗಿಲಿಗೆ ಕಾಲಿಟ್ಟರು.

ನರಸಮ್ಮ ಎಲೆ ಮಡಚಿ ದವಡೆಗೆ ಸಿಕ್ಕಿಸಿಕೊಂಡು ತಲೆಯೆತ್ತಿ ನೋಡಿದಳು. ಅವರ ಕಣ್ಣಿಗೆ ಕಣ್ಣಿಟ್ಟು ನೋಡಿದಳು.

"ಇಲ್ಲಿಂದಲ್ಲ ಕಣವ್ವಾ" ಎಂದಳು. "ಹಿತ್ಲಿಂದ ಬಾ."