ಜೇನು ಕದ್ದ ಆ ‘ನಾನು’

ನಮ್ಮ ಮಠದ ಸಂತ ಔನೊಲ್ಫರು ತೀರಿಕೊಂಡು ಇನ್ನೂರು ವರ್ಷವಾಗಿತ್ತು. ಅವರ ಜೀವನವನ್ನು ಹಳಬರು ಯಾರೋ ಒರಟು ಲ್ಯಾಟಿನ್ ಗದ್ಯದಲ್ಲಿ ಬರೆದಿಟ್ಟಿದ್ದರು. ಅದನ್ನು ಪದ್ಯಕ್ಕೆ ತರುವಂತೆ ಮಠಾಧಿಪತಿಗಳು ನಮ್ಮಲ್ಲಿ ಕವಿಯೆನಿಸಿಕೊಂಡ ವಿಗ್ರಾದನಿಗೆ ಹೇಳಿದರು. ಅವನು ಮೇಣದ ಹಲಗೆಯ ಮೇಲೆ ಗೀಚಿ ಕೊಟ್ಟದ್ದನ್ನು ಚರ್ಮದ ಹಾಳೆಗೆ ಇಳಿಸುವುದು ನನ್ನ ಕೆಲಸ.

ಇಂಥ ಪದ್ಯಗಳ ಆರಂಭದಲ್ಲಿ ಕವಿ ‘ನಾನು’ ಎನ್ನುವುದು ಹೊಸದೇನಲ್ಲ. ನಾನು ಅಲ್ಪ, ನನ್ನ ನಾಲಗೆ ಮೊಂಡು, ಸಂತನೇ ಕೈಹಿಡಿ ಎಂದು ಎಲ್ಲರೂ ಬೇಡಿಕೊಳ್ಳುತ್ತಾರೆ. ಅಷ್ಟನ್ನು ತೂಕಡಿಸುತ್ತಲೇ ನಕಲು ಮಾಡಬಲ್ಲೆ. ಆದರೆ ಜೇನಿನ ಪವಾಡಕ್ಕೆ ಬಂದಾಗ ನನ್ನ ಲೇಖನಿ ನಿಂತಿತು. ಗದ್ಯದಲ್ಲಿ ಇದ್ದದ್ದು ಇಷ್ಟೇ: ಒಬ್ಬಾತ ಸಂತರ ಗೂಡಿನಿಂದ ಜೇನು ಕದ್ದ, ಹುಳುಗಳು ಕಚ್ಚಿ ಅವನ ಕೈ ನಾದಿಟ್ಟ ಹಿಟ್ಟಿನಂತೆ ಉಬ್ಬಿತು, ಸಂತರು ನದಿಯ ನೀರಿನಲ್ಲಿ ತೊಳೆದು ವಾಸಿ ಮಾಡಿದರು. ಹಲಗೆಯ ಮೇಲೆ ‘ಕದ್ದ’ ಇರಬೇಕಾದಲ್ಲಿ ‘ಕದ್ದೆ’ ಎಂದಿತ್ತು. ಲ್ಯಾಟಿನ್ನಿನಲ್ಲಿ ಆ ಎರಡರ ನಡುವೆ ಇರುವುದು ಕೊನೆಯ ಒಂದೇ ಅಕ್ಷರ.

ವಿಗ್ರಾದ ಅಡುಗೆಮನೆಯಲ್ಲಿ ಅವರೆ ಸುಲಿಯುತ್ತಿದ್ದ.

“ಅಣ್ಣ, ಒಂದಕ್ಷರ ಬಿಟ್ಟಿದ್ದೀಯಲ್ಲ?”

“ಬಿಟ್ಟಿಲ್ಲ ಎರ್ಮೊ. ಮುಂದಿನ ಸಾಲು ನೋಡು. ‘ನನ್ನ ಕೈ’ ಅಂತಲೇ ಇದೆ.”

“ಛಂದಸ್ಸಿಗೋಸ್ಕರ ಹಾಗೆ ಬರೆದ್ಯಾ?”

“‘ಕದ್ದ’ ಅಂದ್ರೂ ಛಂದಸ್ಸು ಕೆಡಲ್ಲ. ಎಣಿಸಿ ನೋಡು ಬೇಕಾದ್ರೆ.”

ಬೆರಳು ಮಡಚಿ ಎಣಿಸಿದೆ. ನಿಜ, ಕೆಡುತ್ತಿರಲಿಲ್ಲ.

“ಹಾಗಾದ್ರೆ ಯಾರಯ್ಯಾ ಈ ‘ನಾನು’? ನಿಂಗೇನು ಇನ್ನೂರ ಮೂವತ್ತು ವರ್ಷ ವಯಸ್ಸಾ?”

ವಿಗ್ರಾದ ನಕ್ಕ. “ಹದಿನೈದು ದಿನ ‘ಒಬ್ಬಾತ, ಒಬ್ಬಾತ’ ಅಂತ ಬರೆದೆ ಮಾರಾಯ. ಸಾಲು ಸತ್ತ ಮೀನಿನ ಹಾಗೆ ಬಿದ್ಕೊಂಡಿತ್ತು. ಅವನಿಗೆ ನಾಚಿಕೆ ಆಯ್ತಾ, ಮೊದ್ಲು ಜೇನು ನೆಕ್ಕಿದ್ನಾ, ಮೊದ್ಲು ಅತ್ನಾ, ಒಂದೂ ಹೊಳೀಲಿಲ್ಲ. ‘ನಾನು’ ಅಂದೆ ನೋಡು, ಗೊತ್ತಾಗ್ಬಿಡ್ತು.”

“ಏನಂತ?”

“ಮೊದ್ಲು ನೆಕ್ಕಿದೆ.”

ನನ್ನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಹಲಗೆಯನ್ನು ಮಠಾಧಿಪತಿಗಳ ಬಳಿಗೆ ಒಯ್ದೆ. ಅವರು ಎರಡು ಸಲ ಓದಿ ವಿಗ್ರಾದನನ್ನು ಕರೆಸಿದರು.

“ಸಂತರ ವಿಷಯದಲ್ಲಿ ಸುಳ್ಳು ಬರೀಬಹುದೇನಪ್ಪಾ?”

“ಗುರುಗಳೇ, ದಿನಾ ಬೈಬಲಿನ ಕೀರ್ತನೆಗಳಲ್ಲಿ ‘ನಾನು’ ಅಂತ ಹಾಡ್ತೀವಿ, ಹಾಡ್ತಾ ಅಳ್ತೀವಿ. ಅದನ್ನ ಬರೆದೋರು ನಾವಾ?”

ಮಠಾಧಿಪತಿಗಳು ಬಹಳ ಹೊತ್ತು ಗಡ್ಡ ಕೆರೆದುಕೊಂಡರು. “ಸಂತರ ಹಬ್ಬದ ದಿನ ಊಟದ ಮನೇಲಿ ಓದಿಸೋಣ. ಕೇಳಿದ್ರೆ ಏನನ್ಸುತ್ತೋ ನೋಡೋಣ,” ಎಂದರು.

ಊಟದ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳುವ ಸರದಿ ಆ ವಾರ ಉಗ್ರಾಣ ನೋಡಿಕೊಳ್ಳುವ ಹದುವಿನ್‌ನದು. ಒಂದು ಚೂರು ರೊಟ್ಟಿಯನ್ನೂ ಹೆಚ್ಚಿಗೆ ತಿಂದವನಲ್ಲ, ತಿಂದವರನ್ನು ಎಲ್ಲರೆದುರು ಎತ್ತಿ ಆಡದೆ ಬಿಟ್ಟವನೂ ಅಲ್ಲ. ಹಬ್ಬದ ದಿನ ಪೀಠ ಹತ್ತಿ ಗಂಟಲು ಸರಿಪಡಿಸಿಕೊಂಡು ಗಟ್ಟಿಯಾಗಿ ಓದುತ್ತ ಹೋದ. ಜೇನಿನ ಸಾಲು ಬಂತು. ತಡವರಿಸಿ, ‘ಕದ್ದ’ ಎಂದು ಓದಿಬಿಟ್ಟ.

ಮಠಾಧಿಪತಿಗಳು ಚಾಕುವಿನ ಹಿಡಿಯಿಂದ ಮೇಜು ಕುಟ್ಟಿದರು. “ಬರೆದಿರೋದನ್ನ ಓದು.”

ಹದುವಿನ್‌ನ ಕಿವಿ ಕೆಂಪಾಯಿತು. “ನಾನು ಯಾವತ್ತೂ ಏನನ್ನೂ ಕದ್ದೋನಲ್ಲ ಗುರುಗಳೇ.”

“ಗೊತ್ತಪ್ಪ. ಓದು.”

“ಕದ್ದೆ,” ಎಂದು ಓದಿದ. ಅಂಬಲಿಯ ಬಟ್ಟಲುಗಳ ಸದ್ದು ನಿಂತಿತು. ಬೆರಳಿನ ಸಿಹಿ, ಬೆರಳಿನ ಉರಿ, ಪೊದೆಯಲ್ಲಿ ಅಡಗಿ ಕೂತದ್ದು, ಎಲ್ಲವನ್ನೂ ಓದಿದ. ಅವನ ದನಿ ಇಷ್ಟು ಮೆಲ್ಲಗಾದದ್ದನ್ನು ನಾನು ಕೇಳಿರಲೇ ಇಲ್ಲ. ಸಂತರು ಬೈಯಲಿಲ್ಲ, ನನ್ನ ಕೈ ಹಿಡಿದು ನೀರಿಗಿಳಿದರು ಎಂಬಲ್ಲಿಗೆ ಬಂದಾಗ ಕಣ್ಣನ್ನು ಹಾಳೆಯಿಂದ ಎತ್ತಲೇ ಇಲ್ಲ.

ಊಟಕ್ಕೆ ಬಂದಿದ್ದ ಅಂಬಿಗ ಗಿಸ್ಮಾರನಿಗೆ ಲ್ಯಾಟಿನ್ ಬಾರದು. ಪಕ್ಕದವರು ಕಿವಿಯಲ್ಲಿ ಅರ್ಥ ಹೇಳಿದ್ದನ್ನು ಕೇಳಿ, ಕದ್ದದ್ದು ಓದಿದವನೇ ಎಂದು ಅವನು ನಂಬಿಬಿಟ್ಟಿದ್ದ. ಅಂಗಳದಲ್ಲಿ ಹದುವಿನ್‌ನನ್ನು ತಡೆದು ಕೇಳಿದ, “ಸ್ವಾಮೀ, ಈಗ ಕೈ ಹೇಗಿದೆ?”

ನಾವೆಲ್ಲ ನಗು ತಡೆಯಲಾರದೆ ತಿರುಗಿ ನಿಂತೆವು.

“ನಾನಲ್ಲಯ್ಯಾ, ಸುಮ್ನೆ ಓದಿದ್ದು.”

“ಯಾರಾದ್ರೇನು ಬಿಡಿ. ತುಂಬಾ ನೋವಾಗಿರ್ಬೇಕು.”

ಸಿಡುಕುತ್ತಾನೆ ಎಂದುಕೊಂಡಿದ್ದೆ. ಹದುವಿನ್ ತನ್ನ ಅಂಗೈ ತೆರೆದು ನೋಡಿಕೊಂಡ. “ಹೂಂ, ಆಗಿರ್ಬೇಕು,” ಎಂದ.

ಮರುದಿನ ಬೆಳಿಗ್ಗೆ ಅವನು ವಿಗ್ರಾದನನ್ನು ಹುಡುಕಿಕೊಂಡು ಬಂದ. “ಕೈ ವಾಸಿಯಾದ ಮೇಲೆ ಅವನು ಏನು ಮಾಡಿದ? ಅಲ್ಲೇ ಇದ್ನಾ, ಊರಿಗೆ ಹೋದ್ನಾ?”

“ಗದ್ಯದಲ್ಲಿ ಇಲ್ಲ ಅಣ್ಣ.”

“ಅದು ಗೊತ್ತು, ನೋಡ್ದೆ. ನಿಂಗೆ ಏನನ್ಸುತ್ತೆ?”

ವಿಗ್ರಾದ ಆ ಪ್ರಶ್ನೆಯ ಮೇಲೆ ಹನ್ನೆರಡು ಸಾಲು ಬರೆದ. ಮಠಾಧಿಪತಿಗಳು ನಾಲ್ಕನ್ನು ಹೊಡೆದುಹಾಕಿದರು. ಉಳಿದ ಎಂಟನ್ನು ಹಾಳೆಗೆ ಇಳಿಸುವಾಗ ನಾನು ತೂಕಡಿಸಲಿಲ್ಲ.