ಗಂಡಸಿನ ಹೆಜ್ಜೆ

ಬೋಲ್ಟನ್ನಿನ ನೃತ್ಯಶಾಲೆಯಲ್ಲಿ ಆ ಶನಿವಾರ ಮಧ್ಯಾಹ್ನ ವಾಲ್ಟ್ಸ್ ಶುರುವಾಗಿ ಎರಡು ಸುತ್ತು ಮುಗಿಯುವುದರೊಳಗೆ ವಿನಿ ಮೂರು ಸಲ ಎಡ್ನಾಳ ಕಾಲು ತುಳಿದಳು. ಎಡ್ನಾಳ ತಲೆಯಲ್ಲಿ ಹುಳ ಹೊಕ್ಕಿದ್ದು ಆಗಲೇ.

ಇಬ್ಬರೂ ಒಂದೇ ಹತ್ತಿ ಗಿರಣಿಯಲ್ಲಿ ಅಕ್ಕಪಕ್ಕದ ಮಗ್ಗದವರು. ಯುದ್ಧದಿಂದ ಮರಳಿದ ಗಂಡಸರೇ ಕಡಿಮೆ, ಮರಳಿದವರೂ ಗೋಡೆಗೊರಗಿ ಸಿಗರೇಟು ಸೇದುವುದರಲ್ಲಷ್ಟೇ ಶೂರರು. ಹಾಗಾಗಿ ಹೆಂಗಸರೇ ಹೆಂಗಸರ ಜೊತೆ ಕುಣಿಯುತ್ತಿದ್ದರು, ಯಾರೂ ಹುಬ್ಬೇರಿಸುತ್ತಿರಲಿಲ್ಲ. ಆರಡಿಗೆ ಎರಡೇ ಅಂಗುಲ ಕಡಿಮೆಯಿದ್ದ ಎಡ್ನಾ ಗಂಡಸಿನ ಜಾಗದಲ್ಲಿ ನಿಂತು ಮುಂದಕ್ಕೆ ನಡೆಸುವಳು, ಗಿಡ್ಡಿ ವಿನಿ ಹಿಂದಕ್ಕೆ ಹೆಜ್ಜೆಯಿಡುವಳು. ಏಳು ವರ್ಷದಿಂದ ಹೀಗೆಯೇ. ಹಿಂದೆ ಹೋಗಬೇಕಾದವಳು ಮುಂದೆ ಬಂದರಲ್ಲವೇ ಕಾಲು ತುಳಿಯುವುದು?

ಅಂದರೆ ವಿನಿ ಇನ್ನೆಲ್ಲೋ ಗಂಡಸಿನ ಹೆಜ್ಜೆ ಹಾಕುತ್ತಿದ್ದಾಳೆ. ಅವಳಿಗಿಂತ ಗಿಡ್ಡಿಯಾದ ಇನ್ನೊಬ್ಬಳು ಸಿಕ್ಕಿದ್ದಾಳೆ. ಗಿರಣಿಯ ನೂಲಿನ ವಿಭಾಗದ ಫ್ಲಾರಿ ಬೆಳಿಗ್ಗೆ ಕೆಲಸದಲ್ಲಿದ್ದಾಗಿನಿಂದ ಇವರನ್ನು ನೋಡಿ ಮುಸಿಮುಸಿ ನಗುತ್ತಿದ್ದುದು ಸುಮ್ಮನೆಯೇ?

ವಾದ್ಯ ನಿಂತ ಕೂಡಲೇ ಎಡ್ನಾ ವಿನಿಯನ್ನು ಚಹಾದ ಕಟ್ಟೆಯ ಹತ್ತಿರ ಎಳೆದುಕೊಂಡು ಹೋದಳು.

"ಬುಧವಾರ ಬುಧವಾರ ತಲೆನೋವು ಅಂತ ನನ್ ಜೊತೆ ಬರದೇ ತಪ್ಪಿಸ್ಕೋತೀಯಲ್ಲ, ಆ ತಲೆನೋವಿನ ಹೆಸರು ಫ್ಲಾರಿನಾ?"

ವಿನಿಯ ಮುಖ ಕೆಂಪಾಯಿತು. "ಹೂಂ. ಗಂಡಸಿನ ಹೆಜ್ಜೆ ಹೇಳ್ಕೊಡ್ತಿದಾಳೆ."

"ಕಳ್ಳಿ! ಏಳು ವರ್ಷ ನಾನು ಎತ್ತಿ ಆಡ್ಸಿದ್ದು ಇದಕ್ಕಾ?"

"ಕೂಗ್ಬೇಡ ಮಾರಾಯ್ತಿ. ನಿಂಗೋಸ್ಕರಾನೇ ಕಲ್ತಿದ್ದು. ಹೋದ ತಿಂಗಳು ಟ್ರಾಮಿನ ಆ ಉದ್ದನೆ ಕಂಡಕ್ಟರು ಕುಣಿಯೋಕೆ ಕರೆದಾಗ ಏನ್ ಮಾಡ್ದೆ? ನೀನೇ ಅವನನ್ನ ದರದರ ಎಳ್ಕೊಂಡ್ ಹೋದೆ. ಹಿಂದಕ್ಕೆ ನಡೆಯೋದು ನಿಂಗೆ ಗೊತ್ತೇ ಇಲ್ಲ. ನಾನು ಗಂಡಸಿನ ಜಾಗದಲ್ಲಿ ನಿಂತು ಹೇಳ್ಕೊಡ್ತೀನಿ."

"ನಂಗ್ಯಾಕೆ ಬೇಕು ಕಂಡಕ್ಟರು? ನೀನಿದೀಯಲ್ಲ."

ವಾದ್ಯ ಮತ್ತೆ ಶುರುವಾಗಿತ್ತು. ವಿನಿ ಎಡ್ನಾಳನ್ನು ನೆಲದ ನಡುವೆ ಕರೆದೊಯ್ದು, ತುದಿಗಾಲಲ್ಲಿ ನಿಂತು, ಅವಳ ಬೆನ್ನಿಗೆ ಕೈಯಿಟ್ಟಳು. ಎಡ್ನಾ ಒಂದು ಹೆಜ್ಜೆ ಹಿಂದಿಟ್ಟು ಕತ್ತು ತಿರುಗಿಸಿದಳು, ಇನ್ನೊಂದಕ್ಕೆ ಮತ್ತೆ ತಿರುಗಿಸಿದಳು. ಬೆನ್ನ ಹಿಂದೆ ಏನಿದೆಯೋ ಎಂಬ ದಿಗಿಲು.

"ನಾನು ನೋಡ್ಕೋತೀನಿ, ನೀನು ಸುಮ್ನೆ ಬಾ," ಎಂದಳು ವಿನಿ. ಆಮೇಲೆ ಮೆಲ್ಲಗೆ, "ಈಸ್ಟರ್‌ಗೆ ನನ್ನ ಮದುವೆ ಎಡ್ನಾ. ಹುಡುಗ ಹಲ್ ಅನ್ನೋ ದೂರದ ಊರಿನವನು. ಅಲ್ಲಿಗೇ ಹೋಗ್ತೀನಿ."

ಅನುಮಾನ ಸುಳ್ಳಾಗಿರಲಿಲ್ಲ, ಆಳು ಮಾತ್ರ ಬೇರೆ. ಎಡ್ನಾಳಿಗೆ ಅವಳನ್ನು ಅಲ್ಲೇ ಬಿಟ್ಟು ಹೊರಟುಹೋಗಬೇಕೆನಿಸಿತು. ಸಿಟ್ಟಿಗಿಂತ ಅಳುವೇ ಜಾಸ್ತಿ ಬಂತು. ಆದರೂ ಕೈ ಬಿಡಲಿಲ್ಲ.

"ಈಸ್ಟರ್‌ಗೆ ಇನ್ನೆಷ್ಟು ಶನಿವಾರ?"

"ಆರು."

"ಹಾಗಾದ್ರೆ ಆರನೇದರವರೆಗೂ ನಂಗೆ ಇದು ಬರಲ್ಲ," ಎಂದಳು ಎಡ್ನಾ. "ಹೇಳ್ಕೊಡ್ತಾನೇ ಇರು."